ವಜೈನಲ್ ಹಿಸ್ಟರೆಕ್ಟಮಿ (ಯೋನಿಯ ಮೂಲಕ ಗರ್ಭಕೋಶ ತೆಗೆಯುವುದು) ಕಲಿಯೋದು ಹೇಗೆ? ಅಸಿಸ್ಟ್ ಮಾಡುವಾಗ ಏನೂ ಕಾಣಲ್ಲ

ಪ್ರಶ್ನೆ: ಓಬಿಜಿ_ಸೆಕೆಂಡ್_ಇಯರ್

ಎಲ್ಲರಿಗೂ ನಮಸ್ಕಾರ. ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಎಂಎಸ್ ಓಬಿಜಿ (ಪ್ರಸೂತಿ, ಸ್ತ್ರೀರೋಗ) ಎರಡನೇ ವರ್ಷದಲ್ಲಿದ್ದೇನೆ. ಲೇಬರ್ ವಾರ್ಡ್ ಬಗ್ಗೆ ಈಗ ಭಯ ಇಲ್ಲ. ನೈಟ್ ಡ್ಯೂಟಿಯಲ್ಲಿ ಸಿಸೇರಿಯನ್ ಬಂದರೆ ಎಸ್‌ಆರ್ (ಸೀನಿಯರ್ ರೆಸಿಡೆಂಟ್) ಅಕ್ಕ ಎದುರು ನಿಂತು ನನಗೇ ಬಿಡುತ್ತಾರೆ. ಕೈ ಕುದುರಿದೆ.

ತೊಂದರೆ ಇರುವುದು ಗರ್ಭಕೋಶ ಜಾರಿದ ಕೇಸುಗಳಲ್ಲಿ. ನಮ್ಮ ಓಪಿಡಿಗೆ ಇಂಥವರು ಬರುತ್ತಲೇ ಇರುತ್ತಾರೆ. ಹೊಲದ ಕೆಲಸ ಮಾಡಿದವರು, ನಾಲ್ಕೈದು ಹೆತ್ತವರು, ಮನೆಯಲ್ಲಿ ಯಾರಿಗೂ ಹೇಳದೆ ಬಟ್ಟೆ ಬಿಗಿದು ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದವರು. ಲಿಸ್ಟಿನಲ್ಲಿ ವಜೈನಲ್ ಹಿಸ್ಟರೆಕ್ಟಮಿ, ಜೊತೆಗೆ ಪೆಲ್ವಿಕ್ ಫ್ಲೋರ್ (ಒಳಗಿನ ಅಂಗಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು) ರಿಪೇರಿ ಇದ್ದೇ ಇರುತ್ತದೆ. ನಾನು ಸ್ಕ್ರಬ್ ಆಗುತ್ತೇನೆ, ಎಡಗಡೆ ನಿಲ್ಲುತ್ತೇನೆ, ಬ್ಲ್ಯಾಡರ್ (ಮೂತ್ರಕೋಶ) ಎತ್ತಿಡುವ ಲ್ಯಾಂಡನ್ಸ್ ರಿಟ್ರ್ಯಾಕ್ಟರ್ ಹಿಡಿಯುತ್ತೇನೆ. ನನಗೆ ಕಾಣುವುದು ರೋಗಿಯ ತೊಡೆ ಮೇಲಿನ ಹಸಿರು ಬಟ್ಟೆ ಮತ್ತು ಚೀಫ್ ಹಾಕಿದ ಕ್ಯಾಪ್. ಕೈ ನೋಯುತ್ತದೆ, ಅಷ್ಟರಲ್ಲಿ ಗರ್ಭಕೋಶ ಟ್ರೇಗೆ ಬಂದಿರುತ್ತದೆ. ಲಾಗ್‌ಬುಕ್ಕಿನಲ್ಲಿ 'ಅಸಿಸ್ಟೆಡ್' ಎಂದು ಬರೆದುಕೊಳ್ಳುತ್ತೇನೆ. ಕಲಿತದ್ದು ಏನು ಎಂದು ಯಾರಾದರೂ ಕೇಳಿದರೆ ಉತ್ತರ ಇಲ್ಲ.

ಪಾಪ್-ಕ್ಯೂ (ಯಾವ ಭಾಗ ಎಷ್ಟು ಜಾರಿದೆ ಎಂದು ಅಳೆಯುವ ವಿಧಾನ) ಕಥೆಯೂ ಅದೇ. ಪರೀಕ್ಷೆಗೆ ಬೇಕು ಅಂತ ಬಾಯಿಪಾಠ ಮಾಡಿದ್ದೇನೆ. ಓಪಿಡಿ ರಶ್‌ನಲ್ಲಿ ಅಳೆಯುವವರು ಯಾರೂ ಇಲ್ಲ, 'ಥರ್ಡ್ ಡಿಗ್ರಿ' ಎಂದು ಬರೆದು ಮುಂದೆ ಹೋಗುತ್ತೇವೆ. ಪೋಸ್ಟಿಂಗ್‌ಗೆ ಬಂದ ಎಂಬಿಬಿಎಸ್ ಮಕ್ಕಳಿಗೆ ನಾನು ಏನು ಕಲಿಸಲಿ?

ಕೇಳಬೇಕಾದ್ದು ಇಷ್ಟು. ಪಿಜಿ ಮುಗಿಯುವುದರೊಳಗೆ ಇದನ್ನು ಕಲಿಯಲು ದಾರಿ ಇದೆಯಾ? ದುಡ್ಡು ಕೊಟ್ಟು ಕೆಡಾವರ್ (ಮೃತದೇಹದ ಮೇಲೆ ಕಲಿಸುವ) ವರ್ಕ್‌ಶಾಪ್‌ಗೆ ಹೋಗಬೇಕಾ? ಇಲ್ಲ, ಫೆಲೋಶಿಪ್ ತನಕ ಕಾಯಬೇಕಾ? ಮುಂದಿನ ಸೆಮಿಸ್ಟರ್‌ನಲ್ಲಿ ಜಿಲ್ಲಾ ಆಸ್ಪತ್ರೆಗೆ 3 ತಿಂಗಳ ಡಿಸ್ಟ್ರಿಕ್ಟ್ ರೆಸಿಡೆನ್ಸಿ ಪ್ರೋಗ್ರಾಂ, ಅಂದರೆ ಡಿಆರ್‌ಪಿ ಪೋಸ್ಟಿಂಗ್ ಬೇರೆ ಇದೆ. ಅಲ್ಲಿ ಇನ್ನೂ ಹಿಂದೆ ಬೀಳುತ್ತೇನೇನೋ ಅನ್ನಿಸುತ್ತಿದೆ.

ಉತ್ತರ: ಹಳೇ_ಓಬಿಜಿ_ಟೀಚರ್

ನೋಡಮ್ಮ, ನೀನು ಅಂತಲೇ ಬರೆಯುತ್ತೇನೆ, ನನ್ನ ವಿದ್ಯಾರ್ಥಿನಿಯರ ವಯಸ್ಸು ನಿನ್ನದು. ಸರ್ಕಾರಿ ಕಾಲೇಜಿನಲ್ಲೇ ಕಲಿತು, ಅಲ್ಲೇ ಕಲಿಸಿ ನಿವೃತ್ತಿ ಆದವಳು ನಾನು. ನಿನ್ನ ದೂರು ಸರಿಯಾಗಿಯೇ ಇದೆ. ಹೊಟ್ಟೆ ತೆರೆದು ಮಾಡುವ ಆಪರೇಷನ್‌ನಲ್ಲಿ ಎದುರು ನಿಂತವರಿಗೂ ಎಲ್ಲ ಕಾಣುತ್ತದೆ. ಲ್ಯಾಪ್ರೊಸ್ಕೋಪಿಯಲ್ಲಿ ಪರದೆ ಇದೆ, ಬಾಗಿಲ ಹತ್ತಿರ ನಿಂತ ಎಂಬಿಬಿಎಸ್ ಹುಡುಗನಿಗೂ ಯುರೇಟರ್ (ಕಿಡ್ನಿಯಿಂದ ಬ್ಲ್ಯಾಡರ್‌ಗೆ ಮೂತ್ರ ಒಯ್ಯುವ ನಾಳ) ಹರಿದಾಡುವುದು ಕಾಣುತ್ತದೆ. ಕೆಳಗಿನಿಂದ ಮಾಡುವ ಆಪರೇಷನ್‌ನಲ್ಲಿ ಮಾತ್ರ ಸ್ಟೂಲ್ ಮೇಲೆ ಕೂತ ಒಬ್ಬರಿಗೇ ನೋಟ. ನೋಡಿ ನೋಡಿ ಕಲಿಯುತ್ತಾರೆ ಬಿಡಿ ಅನ್ನುವ ಮಾತು ಇಲ್ಲಿ ನಡೆಯಲ್ಲ. ಕಲಿಸುವವರು ಸ್ಟೂಲ್ ಬಿಟ್ಟು ಏಳಬೇಕು. ಒಂದೇ ಒಂದು ಹೆಜ್ಜೆಗಾದರೂ ಸರಿ, ಏಳಬೇಕು.

ನಾನು ಕಲಿಸುತ್ತಿದ್ದದ್ದು ಕೊನೆಯಿಂದ ಮೊದಲಿಗೆ. ಹೊಸ ಪಿಜಿಗೆ ಮೊದಲು ಕೊಡುತ್ತಿದ್ದದ್ದು ಪೆರಿನಿಯಮ್ (ಯೋನಿ ಮತ್ತು ಗುದದ ನಡುವಿನ ಜಾಗ) ಹೊಲಿಗೆ. ಹೆರಿಗೆಯಲ್ಲಿ ಎಪಿಸಿಯೊಟಮಿ (ಯೋನಿಯ ಬಾಯಿ ಅಗಲಿಸುವ ಕೊಯ್ತ) ಹಾಕಿ ಹಾಕಿ ಅವರಿಗೆ ಆ ಜಾಗದ ಪರಿಚಯ ಇರುತ್ತದೆ, ಹೆದರಿಕೆ ಕಡಿಮೆ. ಆಮೇಲೆ ವಾಲ್ಟ್, ಅಂದರೆ ಗರ್ಭಕೋಶ ತೆಗೆದ ಮೇಲೆ ಉಳಿಯುವ ಯೋನಿಯ ಮೇಲ್ತುದಿ, ಮುಚ್ಚುವುದು. ವಾಲ್ಟ್ ಮುಚ್ಚುವಾಗ ಯುಟೆರೋಸೇಕ್ರಲ್ ಲಿಗಮೆಂಟ್ (ಗರ್ಭಕೋಶವನ್ನು ಹಿಂದಿನ ಸೇಕ್ರಮ್ ಮೂಳೆಗೆ ಹಿಡಿದಿಡುವ ಕಟ್ಟು) ಎಳೆದು ತೋರಿಸುತ್ತಿದ್ದೆ. ಬೆರಳಿಗೆ ಅದು ದಾರದ ಹಾಗೆ ಬಿಗಿಯಾಗಿ ಸಿಗಬೇಕು. ಸಿಕ್ಕಿದ ಮೇಲೆ ಅದನ್ನು ವಾಲ್ಟ್‌ಗೆ ಸೇರಿಸಿ ಕಟ್ಟಿಸುತ್ತಿದ್ದೆ. ಮೆಕಾಲ್ 1957ರಲ್ಲಿ ಬರೆದ ಕಲ್ಡೋಪ್ಲಾಸ್ಟಿಯ ತಿರುಳು ಅಷ್ಟೇ. ಗರ್ಭಕೋಶ ತೆಗೆದು ಮೇಲೆ ಏನನ್ನೂ ಕಟ್ಟದೆ ಬಿಟ್ಟರೆ ಆ ಹೆಂಗಸು ಕೆಲವು ವರ್ಷ ಬಿಟ್ಟು ವಾಲ್ಟ್ ಪ್ರೊಲ್ಯಾಪ್ಸ್ (ವಾಲ್ಟ್ ಜಾರುವುದು) ಅಂತ ವಾಪಸ್ ಬರುತ್ತಾಳೆ. ಗರ್ಭಕೋಶ ತೆಗೆದದ್ದು ಜಾರುವಿಕೆಗೆ ಮದ್ದಲ್ಲ. ಮೇಲೆ ಕಟ್ಟಿದ್ದು ಮದ್ದು. ಇದನ್ನು ಪಿಜಿಗಳ ತಲೆಗೆ ಹಾಕಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಇಷ್ಟು ಬಂದ ಮೇಲೆ ಮೊದಲ ಕ್ಲ್ಯಾಂಪ್, ಅಂದರೆ ಯುಟೆರೋಸೇಕ್ರಲ್ ಮತ್ತು ಪಕ್ಕದ ಕಾರ್ಡಿನಲ್ ಲಿಗಮೆಂಟ್‌ಗೆ. ಬಲಗಡೆ ನಾನು, ಎಡಗಡೆ ಅವಳು. ಮುಂದಿನ ಪೌಚ್, ಅಂದರೆ ಬ್ಲ್ಯಾಡರ್ ಮತ್ತು ಗರ್ಭಕೋಶದ ನಡುವಿನ ಜಾಗ, ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ಬ್ಲ್ಯಾಡರ್ ಎಲ್ಲಿ ಮುಗಿಯಿತು, ಸರ್ವಿಕ್ಸ್ (ಗರ್ಭಕೋಶದ ಬಾಯಿ) ಎಲ್ಲಿ ಶುರುವಾಯಿತು ಅನ್ನುವುದು ಕತ್ತರಿಯ ತುದಿಗೆ ಗೊತ್ತಾಗಲು ಸಮಯ ಬೇಕು. ಹಿಂದಿನ ಸಿಸೇರಿಯನ್ ಆಗಿದ್ದರೆ ಆ ಜಾಗ ಅಂಟಿಕೊಂಡಿರುತ್ತದೆ, ಅದು ಪಿಜಿಗೆ ಕೊಡುವ ಕೇಸೇ ಅಲ್ಲ.

ಈಗ ನಿನ್ನ ಲ್ಯಾಂಡನ್ಸ್ ವಿಷಯ. ಅದನ್ನು ಕೂಲಿ ಕೆಲಸ ಅಂದುಕೊಳ್ಳಬೇಡ. ಸರ್ವಿಕ್ಸ್‌ನಿಂದ ಪಕ್ಕಕ್ಕೆ ಸುಮಾರು ಒಂದೂವರೆ, ಎರಡು ಸೆಂಟಿಮೀಟರ್ ದೂರದಲ್ಲಿ ಯುರೇಟರ್ ಯುಟೆರೈನ್ ಆರ್ಟರಿಯ ಕೆಳಗೆ ಹಾಯುತ್ತದೆ. ಚೀಫ್ ಸರ್ವಿಕ್ಸ್ ಅನ್ನು ಕೆಳಕ್ಕೆ ಎಳೆಯುತ್ತಾರೆ, ನೀನು ಬ್ಲ್ಯಾಡರ್ ಅನ್ನು ಮೇಲಕ್ಕೆ ಎತ್ತುತ್ತೀಯ. ಬ್ಲ್ಯಾಡರ್ ಜೊತೆ ಯುರೇಟರೂ ಮೇಲೆ ಹೋಗುತ್ತದೆ. ಕ್ಲ್ಯಾಂಪ್ ಬೀಳುವ ಜಾಗಕ್ಕೂ ಯುರೇಟರ್‌ಗೂ ನಡುವೆ ಅಂತರ ಮಾಡುತ್ತಿರುವುದು ನಿನ್ನ ಕೈ. ನೀನು ನಿದ್ದೆಗಣ್ಣಲ್ಲಿ ಸಡಿಲ ಬಿಟ್ಟರೆ ಆ ಅಂತರ ಹೋಯಿತು. ಮುಂದಿನ ಸಲ ಹಿಡಿದಾಗ ಮನಸ್ಸಿನಲ್ಲಿ ಹೇಳಿಕೊ, ಈಗ ಯಾವ ಕ್ಲ್ಯಾಂಪ್, ನನ್ನ ಬ್ಲೇಡಿನ ಹಿಂದೆ ಏನಿದೆ. ಹೇಳಲು ಬರದಿದ್ದರೆ ಅಲ್ಲೇ ಬಾಯಿ ಬಿಟ್ಟು ಕೇಳು.

ಪಾಪ್-ಕ್ಯೂ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಈ ಸರ್ಜರಿ ಕಲಿಯುವ ಜಾಗ ಮೊದಲು ಓಪಿಡಿ, ಆಮೇಲೆ ಓಟಿ. 1996ರಿಂದ ಈ ಅಳತೆ ಬಳಕೆಯಲ್ಲಿದೆ. ಪುಸ್ತಕದಲ್ಲಿ ನೋಡಿದರೆ ಒಂಬತ್ತು ಅಳತೆ, ಅಡ್ಡಗೀಟು ಉದ್ದಗೀಟು, ತಲೆಕೆಡುತ್ತದೆ. ಕೈಯಲ್ಲಿ ಮಾಡಿದರೆ ನಿಮಿಷಗಳ ಕೆಲಸ. ಮರದ ಸ್ಪ್ಯಾಚುಲಾ ಮೇಲೆ ಸೆಂಟಿಮೀಟರ್ ಗುರುತು ಹಾಕಿಕೊ. ಹೈಮೆನ್ (ಯೋನಿಯ ಬಾಯಿಯ ಅಂಚು) ಸೊನ್ನೆ. ಒಳಗಿದ್ದರೆ ಮೈನಸ್, ಹೊರಗೆ ಬಂದರೆ ಪ್ಲಸ್. ಮೂತ್ರದ ಬಾಯಿಂದ ಮುಂದಿನ ಗೋಡೆಯ ಮೇಲೆ 3 ಸೆಂಟಿಮೀಟರ್ ಒಳಗೆ ಎಎ ಬಿಂದು. ಅಲ್ಲಿಂದ ಶುರು ಮಾಡು. 'ಥರ್ಡ್ ಡಿಗ್ರಿ' ಎಂದು ಬರೆದರೆ ಯಾವ ಗೋಡೆ ಜಾರಿದೆ, ಎಷ್ಟು ಜಾರಿದೆ, ಯಾವುದನ್ನು ರಿಪೇರಿ ಮಾಡಬೇಕು ಒಂದೂ ಗೊತ್ತಾಗಲ್ಲ. ಆರು ತಿಂಗಳ ನಂತರ ಅದೇ ಹೆಂಗಸು ಬಂದಾಗ ನಿನ್ನ ಹೊಲಿಗೆ ನಿಂತಿದೆಯೋ ಇಲ್ಲವೋ ಹೋಲಿಸಲಿಕ್ಕೂ ಆಗಲ್ಲ.

ಒಂದು ಘಟನೆ ಹೇಳಬೇಕು. ಕುರಿ ಮೇಯಿಸುವ ಒಬ್ಬಾಕೆ ಬೆಳಗ್ಗೆ ಓಪಿಡಿಗೆ ಬಂದಿದ್ದರು. ಪಿಜಿ ಮಲಗಿಸಿ ನೋಡಿ 'ಏನೂ ಇಲ್ಲ' ಎಂದು ಬರೆದಿದ್ದಳು. ಆಕೆ ಹೋಗಲಿಲ್ಲ, ಬೆಂಚಿನ ಮೇಲೆಯೇ ಕೂತಿದ್ದರು. ನಾನು ಕೇಳಿದಾಗ, 'ಬೆಳಗ್ಗೆ ನೋಡಿದ್ರೆ ಹೆಂಗ್ ಕಾಣ್ತೈತ್ರಿ, ಸಂಜಿಗೆ ಕುರಿ ಹೊಡಕೊಂಡು ಬರೂಮುಂದ ಹೊರಗ ಬರ್ತೈತಿ' ಅಂದರು. ಅವರನ್ನು ಆಸ್ಪತ್ರೆ ಮೆಟ್ಟಿಲು ಹತ್ತಿ ಇಳಿದು ಬರಲು ಹೇಳಿದೆ. ಆಮೇಲೆ ನಿಲ್ಲಿಸಿ, ಒಂದು ಕಾಲು ಸ್ಟೂಲ್ ಮೇಲೆ ಇಡಿಸಿ, ಕೆಮ್ಮಲು ಹೇಳಿ ನೋಡಿದರೆ ಸರ್ವಿಕ್ಸ್ ಪೂರ್ತಿ ಹೊರಗೆ. ಮಲಗಿದಾಗ ಸಿಗದಿದ್ದದ್ದು ನಿಂತಾಗ ಸಿಕ್ಕಿತು. ರೋಗಿ ಹೇಳಿದ್ದಕ್ಕೂ ನಿನ್ನ ಕಣ್ಣಿಗೆ ಕಂಡದ್ದಕ್ಕೂ ತಾಳೆ ಆಗದಿದ್ದರೆ ನಿಲ್ಲಿಸಿ ನೋಡು. ನಿನ್ನ ಎಂಬಿಬಿಎಸ್ ಮಕ್ಕಳಿಗೆ ಮೊದಲು ಇದನ್ನೇ ಕಲಿಸು.

ಇನ್ನೊಂದು. ಜಾರಿದ್ದನ್ನು ಬೆರಳಲ್ಲಿ ಅಥವಾ ರಿಂಗ್ ಪೆಸ್ಸರಿಯಲ್ಲಿ (ಯೋನಿಯೊಳಗೆ ಇಡುವ ಬಳೆ) ಮೇಲಕ್ಕೆತ್ತಿ ಕೆಮ್ಮಿಸಿ ನೋಡು. ಕೆಲವರಿಗೆ ಆಗ ಮೂತ್ರ ಸೋರುತ್ತದೆ. ಜಾರಿದ ಭಾಗ ಮೂತ್ರ ಹೊರಹೋಗುವ ನಾಳವನ್ನು ಮಡಚಿ ಇಟ್ಟಿರುತ್ತದೆ, ಹಾಗಾಗಿ ಅಷ್ಟು ದಿನ ಸೋರಿರುವುದಿಲ್ಲ. ಇದನ್ನು ಮೊದಲೇ ನೋಡಿ ಹೇಳದಿದ್ದರೆ, 'ಆಪರೇಷನ್ ಮಾಡಿಸಿಕೊಂಡ ಮೇಲೆ ಉಚ್ಚೆ ಸೋರಕ್ಕೆ ಶುರುವಾಯ್ತು' ಎಂದು ಆಕೆ ಹೇಳುತ್ತಾಳೆ, ಹೇಳುವುದು ನ್ಯಾಯವೂ ಹೌದು.

ಕೈ ಅಭ್ಯಾಸಕ್ಕೆ ದುಡ್ಡು ಬೇಡ. ಆಳವಾದ ಸ್ಟೀಲ್ ಚೊಂಬು ತಗೊ. ತಳದಲ್ಲಿ ಒಂದು ರಬ್ಬರ್ ಬ್ಯಾಂಡ್ ಅಂಟಿಸು. ಎರಡೇ ಬೆರಳು ಒಳಗೆ ಇಳಿಸಿ ಅದರ ಸುತ್ತ ಗಂಟು ಹಾಕು. ಬ್ಯಾಂಡ್ ಮೇಲೆದ್ದರೆ ನೀನು ಎಳೆಯುತ್ತಿದ್ದೀಯ ಎಂದರ್ಥ. ಅದು ಅಲುಗದೆ ಗಂಟು ಕೂರುವ ತನಕ ಮಾಡು. ಪೆಡಿಕಲ್ (ಕತ್ತರಿಸಿ ಕಟ್ಟುವ ರಕ್ತನಾಳದ ಬುಡ) ಎಳೆದು ಕಿತ್ತರೆ ರಕ್ತ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಬಹಳ ಕಷ್ಟ, ಅದು ಮೇಲಕ್ಕೆ ಸರಿದು ಹೋಗಿರುತ್ತದೆ.

ಡಿಆರ್‌ಪಿ ಬಗ್ಗೆ ಸುಮ್ನೆ ಹೆದರಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ನಿನ್ನ ಮುಂದೆ ಪಿಜಿಗಳ ಸಾಲು ಇರಲ್ಲ. ಅಲ್ಲಿನ ಹಿರಿಯ ಸ್ಪೆಷಲಿಸ್ಟ್‌ಗಳಲ್ಲಿ ಕೆಳಗಿನಿಂದ ಆಪರೇಷನ್ ಮಾಡುವ ಕೈಚಳಕ ಇರುವವರು ಇದ್ದಾರೆ. ಹೋದ ಮೊದಲ ವಾರವೇ ಕೇಳಿಕೊ.

ಉತ್ತರ: ಫಿಸಿಯೋ_ಮೈಸೂರು

ಮೇಡಂ ಬರೆದದ್ದು ಓದಿ ಖುಷಿಯಾಯಿತು. ನಾನು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್. ಪಿಜಿಗಳಿಗೆ ನನ್ನ ಒಂದೇ ಕೋರಿಕೆ, 'ಕೀಗಲ್ ಮಾಡಿ' (ಪೆಲ್ವಿಕ್ ಫ್ಲೋರ್ ಬಿಗಿಯುವ ವ್ಯಾಯಾಮ) ಎಂದು ಚೀಟಿಯಲ್ಲಿ ಬರೆದು ಕಳಿಸಬೇಡಿ. ಆ ವ್ಯಾಯಾಮಕ್ಕೆ ಹೆಸರು ಕೊಟ್ಟ ಡಾಕ್ಟರ್ ಕೀಗಲ್ 1948ರಲ್ಲಿ ಬರೆದಾಗಲೂ ಬೆರಳಿಟ್ಟು, ಒತ್ತಡ ಅಳೆದು ಕಲಿಸಿದ್ದರು. ಹೇಳಿಕೊಟ್ಟರೂ ಎಷ್ಟೋ ಹೆಂಗಸರು ಉಸಿರು ಬಿಗಿಹಿಡಿದು ಪೃಷ್ಠ ಬಿಗಿಯುತ್ತಾರೆ, ಇಲ್ಲವೇ ಮುಕ್ಕುತ್ತಾರೆ. ಮುಕ್ಕಿದರೆ ಜಾರುವುದು ಜಾಸ್ತಿಯೇ ಆಗುತ್ತದೆ. ಒಳಪರೀಕ್ಷೆ ಮಾಡುವಾಗ ಬೆರಳು ತೆಗೆಯುವ ಮುಂಚೆ 'ಮೂತ್ರ ತಡೆದ ಹಾಗೆ ಒಳಕ್ಕೆ ಎಳ್ಕೊಳ್ಳಿ' ಎಂದು ಹೇಳಿ ನೋಡಿ. ಆಕ್ಸ್‌ಫರ್ಡ್ ಸ್ಕೇಲ್‌ನಲ್ಲಿ ಆ ಬಿಗಿತಕ್ಕೆ 0ಯಿಂದ 5ರೊಳಗೆ ಒಂದು ಅಂಕಿ ಬರೆಯಿರಿ. ಆ ಒಂದು ಅಂಕಿ ಇದ್ದರೆ ನನಗೆ ಎಲ್ಲಿಂದ ಶುರು ಮಾಡಬೇಕು ಗೊತ್ತಾಗುತ್ತದೆ. ಕನಿಷ್ಠ 3 ತಿಂಗಳು ಯಾರಾದರೂ ಜೊತೆಗಿದ್ದು ಮಾಡಿಸಿದರೆ ಮಾತ್ರ ಫಲ.

ನಿಮ್ಮ ಆಸ್ಪತ್ರೆಯಲ್ಲಿ ಫಿಸಿಯೋ ವಿಭಾಗ ಇದ್ದರೆ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಕೂತು ಬನ್ನಿ. ಎಂಬಿಬಿಎಸ್ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಉತ್ತರ: ಶಿವಮೊಗ್ಗ_ಟು_ಅಮೆರಿಕ

ನಾನು ಇಲ್ಲಿ, ಅಮೆರಿಕದಲ್ಲಿ, ಯೂರೋಗೈನಕಾಲಜಿ (ಹೆಂಗಸರ ಮೂತ್ರ, ಪೆಲ್ವಿಕ್ ಫ್ಲೋರ್ ತೊಂದರೆಗಳ ವಿಭಾಗ) ಫೆಲೋ. ಪ್ರಶ್ನೆ ಓದಿ ಒಂದು ಮಾತು ಹೇಳಬೇಕು ಅನ್ನಿಸಿತು. ನಿಮ್ಮದು ಸರ್ಕಾರಿ ಕಾಲೇಜಿನ ಸಮಸ್ಯೆ ಮಾತ್ರ ಅಲ್ಲ. ಇಲ್ಲಿ ರೆಸಿಡೆನ್ಸಿ ಮುಗಿಸಲು ಕನಿಷ್ಠ 15 ವಜೈನಲ್ ಹಿಸ್ಟರೆಕ್ಟಮಿ ಮಾಡಿರಬೇಕು ಎಂಬ ನಿಯಮ ಇದೆ. ಲ್ಯಾಪ್ರೊಸ್ಕೋಪಿ, ರೋಬೋಟ್ ಬಂದ ಮೇಲೆ ಆ ಸಂಖ್ಯೆ ತುಂಬಿಸಲು ಪರದಾಡುವ ಕಡೆಗಳಿವೆ. ಅದಕ್ಕೇ ಇಲ್ಲಿ ಸಿಮ್ಯುಲೇಷನ್ ಜಾಸ್ತಿ. ನಿಮಗೆ ರೋಗಿಗಳಿದ್ದಾರೆ, ಸ್ಟೂಲ್ ಸಿಗುತ್ತಿಲ್ಲ. ನಮಗೆ ಸ್ಟೂಲ್ ಸಿಗುತ್ತದೆ, ಕೇಸು ಸಾಲದು.

ಇಲ್ಲಿ ಇದಕ್ಕೆ ಪ್ರತ್ಯೇಕ ಸಬ್‌ಸ್ಪೆಷಾಲಿಟಿ ಮಾನ್ಯತೆ ಸಿಕ್ಕಿದ್ದು 2011ರಲ್ಲಿ, ಮೊದಲ ಬೋರ್ಡ್ ಪರೀಕ್ಷೆ 2013ರಲ್ಲಿ. ಓಬಿಜಿಯಿಂದ ಬಂದವರಿಗೆ ಫೆಲೋಶಿಪ್ 3 ವರ್ಷ, ಯೂರಾಲಜಿಯಿಂದ ಬಂದವರಿಗೆ 2 ವರ್ಷ. ಫೆಲೋಶಿಪ್‌ಗೆ ಕಾಯಿರಿ ಎಂದು ಮಾತ್ರ ನಾನು ಹೇಳಲ್ಲ. ಈಗಲೇ ಮಾಡಬಹುದಾದ್ದು ಸಿಸ್ಟೋಸ್ಕೋಪಿ, ಅಂದರೆ ಬ್ಲ್ಯಾಡರ್ ಒಳಗೆ ಸ್ಕೋಪ್ ಹಾಕಿ ನೋಡುವುದು. ನಿಮ್ಮ ಯೂರಾಲಜಿ ವಿಭಾಗಕ್ಕೆ ಹೋಗಿ, ಅವರ ಲಿಸ್ಟಿನ ದಿನ ಪಕ್ಕದಲ್ಲಿ ನಿಂತು ಸ್ಕೋಪ್ ಹಿಡಿಯಲು ಕಲಿಯಿರಿ. ಆಪರೇಷನ್ ಮುಗಿಸುವ ಮುಂಚೆ ಎರಡೂ ಕಡೆಯಿಂದ ಮೂತ್ರ ಚಿಮ್ಮುವುದನ್ನು ಕಣ್ಣಾರೆ ನೋಡಿದರೆ ಯುರೇಟರ್ ಬಗ್ಗೆ ಆ ರಾತ್ರಿ ನಿದ್ದೆಗೆಡಬೇಕಾಗಿಲ್ಲ.

ಎಂಬಿಬಿಎಸ್ ಮಕ್ಕಳ ವಿಷಯ. ಅವರಿಗೆ ಸಿಮ್ಸ್ ಸ್ಪೆಕ್ಯುಲಮ್ (ಯೋನಿ ಅಗಲಿಸಿ ನೋಡುವ ಸಾಧನ) ಕೊಡುವಾಗ ಅದರ ಹಿಂದಿನ ಕಥೆಯನ್ನೂ ಹೇಳಿ. ಡಾಕ್ಟರ್ ಮ್ಯಾರಿಯನ್ ಸಿಮ್ಸ್ 1845ರಿಂದ 1849ರವರೆಗೆ ಅಲಬಾಮಾದ ಮಾಂಟ್ಗೊಮರಿಯಲ್ಲಿ ಫಿಸ್ಟುಲಾ (ಬ್ಲ್ಯಾಡರ್ ಮತ್ತು ಯೋನಿ ನಡುವೆ ಬೀಳುವ ತೂತು) ಆಪರೇಷನ್ ಕಲಿತದ್ದು ಗುಲಾಮ ಹೆಂಗಸರ ಮೇಲೆ, ಅರಿವಳಿಕೆ ಇಲ್ಲದೆ. ಅನಾರ್ಕಾ, ಲೂಸಿ, ಬೆಟ್ಸಿ, ಈ ಮೂರು ಹೆಸರು ಉಳಿದಿವೆ. ಬೇಡ ಅನ್ನುವ ಹಕ್ಕು ಅವರಿಗೆ ಇರಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಅರಿವಳಿಕೆ ಕೊಟ್ಟ ಹೆಂಗಸಿನ ಮೇಲೆ ವಿದ್ಯಾರ್ಥಿಗಳು ಒಳಪರೀಕ್ಷೆ ಕಲಿಯಬೇಕಾದರೆ ಮೊದಲೇ ಆಕೆಯ ಒಪ್ಪಿಗೆ ಪಡೆದಿರಬೇಕು ಎಂದು ಇಲ್ಲಿನ ಸರ್ಕಾರ 2024ರಲ್ಲಿ ಆಸ್ಪತ್ರೆಗಳಿಗೆ ಸ್ಪಷ್ಟವಾಗಿ ಹೇಳಿತು. ನೀವು ಯಾವ ಸುತ್ತೋಲೆಗೂ ಕಾಯಬೇಡಿ. ಹಿಂದಿನ ದಿನ ಸಂಜೆ ವಾರ್ಡಿಗೆ ಹೋಗಿ, ಎಷ್ಟು ಜನ ಮಕ್ಕಳು, ಏನು ಮಾಡುತ್ತಾರೆ ಎಂದು ಹೇಳಿ ಕೇಳಿ. ಬೇಡ ಅಂದರೆ ಬೇಡ.

ಓಬಿಜಿ_ಸೆಕೆಂಡ್_ಇಯರ್

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಮೇಡಂ, ಲ್ಯಾಂಡನ್ಸ್ ಬಗ್ಗೆ ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ. ಆದರೆ ಚೀಫ್ ಹತ್ತಿರ 'ನನಗೆ ಸ್ಟೂಲ್ ಕೊಡಿ' ಎಂದು ಹೇಗೆ ಕೇಳಲಿ? ಒಳ್ಳೆಯವರೇ, ಆದರೆ ಲಿಸ್ಟ್ ಉದ್ದ, ಅರಿವಳಿಕೆಯವರು ಗಡಿಯಾರ ನೋಡುತ್ತಿರುತ್ತಾರೆ. ಮತ್ತೆ ಲೇಬರ್ ವಾರ್ಡಿನಲ್ಲಿ ಕಲಿಯುವಂಥದ್ದು ಏನಾದರೂ ಇದೆಯಾ? ನಾನು ಹೆಚ್ಚು ಹೊತ್ತು ಅಲ್ಲೇ ಇರುವುದು. ವರ್ಕ್‌ಶಾಪ್ ಬಗ್ಗೆಯೂ ಹೇಳಿ. ಒಂದು ಕಂಪನಿಯವರ ಮೆಶ್ (ಜಾರಿದ ಭಾಗ ಎತ್ತಿ ಹಿಡಿಯಲು ಹಾಕುವ ಬಲೆ) ಕಿಟ್ ವರ್ಕ್‌ಶಾಪ್‌ಗೆ ಕರೆ ಬಂದಿದೆ.

ಹಳೇ_ಓಬಿಜಿ_ಟೀಚರ್

ಸ್ಟೂಲ್ ಕೇಳಬೇಡ, ಒಂದು ಕ್ಲ್ಯಾಂಪ್ ಕೇಳು. ಹಿಂದಿನ ದಿನವೇ, ಓಟಿಯಲ್ಲಿ ಅಲ್ಲ, ರೌಂಡ್ಸ್ ಮುಗಿದ ಮೇಲೆ. 'ಸರ್, ನಾಳೆಯ ಎರಡನೇ ಕೇಸನ್ನು ನಾನೇ ಪಾಪ್-ಕ್ಯೂ ಮಾಡಿದ್ದೇನೆ, ಸಿ ಬಿಂದು (ಸರ್ವಿಕ್ಸ್) ಪ್ಲಸ್ ನಾಲ್ಕು ಇದೆ, ಹಿಂದೆ ಸಿಸೇರಿಯನ್ ಆಗಿಲ್ಲ. ಎಡಗಡೆ ಯುಟೆರೋಸೇಕ್ರಲ್ ಕ್ಲ್ಯಾಂಪ್ ನಾನು ಹಾಕಲಾ? ನೀವು ನಿಲ್ಲಿಸು ಅಂದರೆ ನಿಲ್ಲಿಸ್ತೀನಿ.' ಇಷ್ಟು ತಯಾರಾಗಿ ಬಂದ ಪಿಜಿಗೆ ಇಲ್ಲ ಅನ್ನುವುದು ನನಗಂತೂ ಕಷ್ಟವಾಗುತ್ತಿತ್ತು. ಸರ್ವಿಕ್ಸ್ ಚೆನ್ನಾಗಿ ಹೊರಗೆ ಬಂದಿರುವ, ಪುಟ್ಟ ಗರ್ಭಕೋಶದ ಕೇಸನ್ನೇ ಆರಿಸಿಕೊ. ಥಿಯೇಟರ್ ಸಿಸ್ಟರ್‌ಗೂ ಮೊದಲೇ ಹೇಳಿಡು, ಅವರು ಎಷ್ಟೋ ಚೀಫ್‌ಗಳ ಕೈ ನೋಡಿದ್ದಾರೆ, ನಿನ್ನ ಕೈಗೆ ಸರಿಯಾದ ಹೊತ್ತಿಗೆ ಸರಿಯಾದ್ದನ್ನು ಕೊಡುತ್ತಾರೆ.

ಹೀಗೆ ತುಂಡು ತುಂಡಾಗಿ ಕಲಿಯುವುದು ಕಡಿಮೆ ಎಂದು ಅಂದುಕೊಳ್ಳಬೇಡ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಡಾಕ್ಟರ್ ಹ್ಯಾಮ್ಲಿನ್ ದಂಪತಿ 1974ರಲ್ಲಿ ಫಿಸ್ಟುಲಾ ಆಸ್ಪತ್ರೆ ಕಟ್ಟಿದರು. ಅವರ ಹತ್ತಿರ ರೋಗಿಯಾಗಿ ಬಂದ ಮಾಮಿಟು ಗಾಶೆ ಎಂಬ ಹಳ್ಳಿ ಹುಡುಗಿ ಶಾಲೆಗೇ ಹೋದವಳಲ್ಲ. ವಾರ್ಡಿನಲ್ಲಿ ಕೆಲಸ ಮಾಡಿಕೊಂಡು, ಓಟಿಯಲ್ಲಿ ಕೈ ಜೋಡಿಸಿ, ಒಂದೊಂದೇ ಹೊಲಿಗೆ ಕಲಿತು ಆಮೇಲೆ ತಾನೇ ಫಿಸ್ಟುಲಾ ಆಪರೇಷನ್ ಮಾಡಿದಳು, ಬಂದ ಡಾಕ್ಟರುಗಳಿಗೆ ಕಲಿಸಿದಳು. ಎದುರಿಗೆ ಕಲಿಸುವ ಮನಸ್ಸು ಇತ್ತು, ಅದಕ್ಕೆ ಆಯಿತು.

ಲೇಬರ್ ವಾರ್ಡ್ ಅಂದೆಯಲ್ಲ, ಪೆಲ್ವಿಕ್ ಫ್ಲೋರ್ ಹಾಳಾಗುವುದು ಅಲ್ಲೇ ಕಣಮ್ಮ. ಪ್ರತಿ ಹೆರಿಗೆಯ ಮೇಲೆ, ಹೊಲಿಗೆ ಹಾಕುವ ಮುಂಚೆ, ಆಕೆಗೆ ಹೇಳಿ ಗುದದಲ್ಲಿ ಬೆರಳಿಟ್ಟು ಸ್ಫಿಂಕ್ಟರ್ (ಗುದ ಮುಚ್ಚಿಡುವ ಸ್ನಾಯು) ನೋಡು. ಹೊರಗಿನ ಸ್ಫಿಂಕ್ಟರ್ ಅರ್ಧಕ್ಕಿಂತ ಕಡಿಮೆ ಹರಿದಿದ್ದರೆ ಗ್ರೇಡ್ 3ಎ, ಅರ್ಧಕ್ಕಿಂತ ಜಾಸ್ತಿ 3ಬಿ, ಒಳಗಿನದ್ದೂ ಹರಿದರೆ 3ಸಿ, ಮ್ಯೂಕೋಸಾ (ಒಳಪದರ) ತನಕ ಹೋದರೆ 4. ಇಂಥದ್ದು ಸಿಕ್ಕಿದರೆ ಲೇಬರ್ ಟೇಬಲ್ ಮೇಲೆ ಟಾರ್ಚ್ ಬೆಳಕಲ್ಲಿ ಹೊಲಿಯಬೇಡ. ಓಟಿಗೆ ತಗೊಂಡು ಹೋಗು, ಸ್ಪೈನಲ್ ಕೊಡಿಸು, ಹಿರಿಯರನ್ನು ಎಬ್ಬಿಸು. ರಾತ್ರಿ ಎಬ್ಬಿಸಿದ್ದಕ್ಕೆ ಬೈದರೆ ಬೈಸಿಕೊ. ಆ ಹುಡುಗಿ ಇಪ್ಪತ್ತೆರಡನೇ ವಯಸ್ಸಿನಲ್ಲಿ ಗ್ಯಾಸ್ ತಡೆಯಲಾಗದೆ ನಾಲ್ಕು ಜನರ ಎದುರು ಕೂರಲು ನಾಚಿಕೊಂಡು ಬದುಕುವುದು ಬೇಡ. ಆರು ವಾರಕ್ಕೆ ಬಂದಾಗ ಮಗುವಿನ ತೂಕ ಕೇಳಿ ಕಳಿಸಬೇಡ. ಗ್ಯಾಸ್ ತಡೆಯಕ್ಕಾಗುತ್ತಾ, ಮೋಷನ್ ತಡೆಯಕ್ಕಾಗುತ್ತಾ, ಕೆಮ್ಮಿದರೆ ಉಚ್ಚೆ ಸೋರುತ್ತಾ ಎಂದು ನೇರವಾಗಿ ಕೇಳು. ನೀನು ಕೇಳದಿದ್ದರೆ ಅವರಾಗಿ ಹೇಳಲ್ಲ.

ಮೆಶ್ ವರ್ಕ್‌ಶಾಪ್‌ಗೆ ಹೋಗಬೇಡ. ಪ್ರೊಲ್ಯಾಪ್ಸ್‌ಗೆ ಕೆಳಗಿನಿಂದ ಹಾಕುವ ಮೆಶ್ ಮಾರುವುದನ್ನು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ನಿಲ್ಲಿಸಿತು. ಮೆಶ್ ಹೊರಗೆ ಚುಚ್ಚಿಕೊಂಡು ಬಂದು, ನೋವಿನಿಂದ ನರಳಿದ ಹೆಂಗಸರು ಹೋರಾಡಿದ ಮೇಲೆ ಆದದ್ದು ಅದು. ಹೊಟ್ಟೆಯ ಕಡೆಯಿಂದ ಹಾಕುವುದರ ಲೆಕ್ಕ ಬೇರೆ, ಎರಡನ್ನೂ ಕಲಸಬೇಡ. ವಯಸ್ಸು ಚಿಕ್ಕದಿದ್ದು ಮಕ್ಕಳು ಬೇಕೆನ್ನುವವರಿಗೆ ಗರ್ಭಕೋಶ ಉಳಿಸಿ ಮೇಲೆತ್ತಿ ಕಟ್ಟುವ ಸ್ಲಿಂಗ್ ಆಪರೇಷನ್‌ಗಳನ್ನು ನಮ್ಮ ದೇಶದಲ್ಲೇ, ಮುಂಬೈಯಲ್ಲಿ, ಶಿರೋಡ್ಕರ್ ಮತ್ತು ಪುರಂದರೆ ಮಾಡಿ ತೋರಿಸಿದ್ದಾರೆ. ನಿಮ್ಮ ಆಸ್ಪತ್ರೆಯಲ್ಲಿ ಯಾರಾದರೂ ಈಗಲೂ ಮಾಡುತ್ತಿದ್ದರೆ ಒಂದನ್ನೂ ಬಿಡಬೇಡ.

ಕೆಡಾವರ್ ವರ್ಕ್‌ಶಾಪ್ ಒಳ್ಳೆಯದೇ, ಆದರೆ ಈಗ ದುಡ್ಡು ಸುರಿಯಬೇಡ. ನಿನ್ನ ಕಾಲೇಜಿನಲ್ಲೇ ಅನಾಟಮಿ ವಿಭಾಗ ಇದೆ. ಮೊದಲ ವರ್ಷದವರು ಪೆಲ್ವಿಸ್ ಡಿಸೆಕ್ಷನ್ ಮಾಡುವುದು ಯಾವಾಗ ಎಂದು ಕೇಳು, ಮಧ್ಯಕ್ಕೆ ಸೀಳಿದ ಪೆಲ್ವಿಸ್ ಒಂದು ಗಂಟೆ ನೋಡಲು ಬಿಡಿ ಅನ್ನು. ಇಶ್ಚಿಯಲ್ ಸ್ಪೈನ್ (ಪೆಲ್ವಿಸ್ ಪಕ್ಕದ ಮೂಳೆಯ ಮೊನೆ) ಮೇಲೆ ಬೆರಳಿಡು, ಅಲ್ಲಿಂದ ಸೇಕ್ರಮ್ ಕಡೆಗೆ ಹೋಗುವ ಲಿಗಮೆಂಟ್ ಹಿಡಿ, ಅದರ ಹಿಂದೆ ಪುಡೆಂಡಲ್ ನಾಳಗಳು ಎಲ್ಲಿ ಹೋಗುತ್ತವೆ ನೋಡು, ಯುರೇಟರ್ ಹಿಡಿದು ಬ್ಲ್ಯಾಡರ್ ತನಕ ಹಿಂಬಾಲಿಸು. ನಿನ್ನ ಎಂಬಿಬಿಎಸ್ ಮಕ್ಕಳನ್ನೂ ನಾಲ್ಕು ಜನರನ್ನು ಕರೆದುಕೊಂಡು ಹೋಗು. ಅನಾಟಮಿಯವರ ಹತ್ತಿರ ಕ್ಲಿನಿಕಲ್ ಕಡೆಯವರು ಹೋಗಿ ಕೇಳುವುದೇ ಅಪರೂಪ, ಖಂಡಿತ ಒಪ್ಪುತ್ತಾರೆ. ಆ ಎಡಗಡೆ ಕ್ಲ್ಯಾಂಪ್ ಹಾಕಿದ ದಿನ ಇಲ್ಲಿ ಬಂದು ಬರೆ.